ಗುಂಡಿ ಒತ್ತಿದ ಮೇಲೆ ಆಟ ಶುರುವಾಗಲು ಎಷ್ಟು ಹೊತ್ತು?

ವಿಡಿಯೋ ಗೇಮ್‌ಗಳನ್ನು ವಿಮರ್ಶಿಸುವವರು ಗ್ರಾಫಿಕ್ಸ್, ಕಥೆ, ಸಂಗೀತ ಎಲ್ಲಕ್ಕೂ ಅಂಕ ಕೊಡುತ್ತಾರೆ. ಯಂತ್ರ ಚಾಲೂ ಮಾಡಿದ ಮೇಲೆ ಪಾತ್ರ ನಮ್ಮ ಬೆರಳಿನ ಮಾತು ಕೇಳಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಮಾತ್ರ ಅಂಕವಿಲ್ಲ. ಕೆಲಸವೆಲ್ಲ ಮುಗಿಸಿ, ಮಲಗುವ ಮುನ್ನ ಅರ್ಧ ಗಂಟೆ ಆಡುವ ನನಗೆ ಮೊದಲು ಬೇಕಾದದ್ದು ಆ ಲೆಕ್ಕವೇ.

ಈ ಲೆಕ್ಕದಲ್ಲಿ 1985ರ ಸೂಪರ್ ಮಾರಿಯೊ ಬ್ರದರ್ಸ್‌ಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಪವರ್ ಗುಂಡಿ ಒತ್ತಿದೊಡನೆ ಆಟದ ಹೆಸರು ಬರುತ್ತದೆ. ಸ್ಟಾರ್ಟ್ ಒತ್ತಿದರೆ ಕ್ಷಣಕಾಲ ಕಪ್ಪು ಪರದೆ, ಆಮೇಲೆ ಮಾರಿಯೊ ಸಿದ್ಧ. ಇಡೀ ಆಟವೇ 40 ಕಿಲೋಬೈಟ್. ಯಂತ್ರಕ್ಕೆ ಸಿಕ್ಕಿಸುವ ಡಬ್ಬಿ, ಅಂದರೆ ಕಾರ್ಟ್ರಿಜ್‌ನ ಚಿಪ್‌ಗಳಲ್ಲಿರುವುದನ್ನು ಯಂತ್ರ ನೇರವಾಗಿ ಓದಿಕೊಳ್ಳುವುದರಿಂದ ಲೋಡಿಂಗ್ ಎಂಬ ಮಾತೇ ಇಲ್ಲ. ಅದಕ್ಕಿಂತ ನನಗೆ ಮೆಚ್ಚುಗೆಯಾಗುವುದು ಮುಂದಿನ ಕೆಲವು ಸೆಕೆಂಡುಗಳು. ಮಾರಿಯೊ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ, ಮುಂದೆ ಖಾಲಿ ಜಾಗ. ಬಲಕ್ಕೆ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ಸ್ವಲ್ಪ ನಡೆದರೆ ಹೊಳೆಯುವ ಪ್ರಶ್ನೆಚಿಹ್ನೆಯ ಪೆಟ್ಟಿಗೆ, ಎದುರಿಗೆ ಬರುವ ಗೂಂಬಾ ಎಂಬ ಶತ್ರು. ತಾಗಿದರೆ ಸಾವು, ಮರುಕ್ಷಣ ಮತ್ತೆ ಅದೇ ಜಾಗ. ಹಾರುವುದನ್ನು ಕಲಿತಾಗಿರುತ್ತದೆ, ಒಂದೇ ಒಂದು ಸೂಚನೆಯನ್ನೂ ಓದದೆ.

ಹಾಗೆಂದು ಹಳೆಯದೆಲ್ಲ ಚುರುಕಾಗಿರಲಿಲ್ಲ. 1994ರ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರ ಸಿ.ಡಿ.ಯಿಂದ ಸೆಕೆಂಡಿಗೆ ಸುಮಾರು 300 ಕಿಲೋಬೈಟ್ ಓದುತ್ತಿತ್ತು, ಕಾಯುವುದು ತಪ್ಪುತ್ತಿರಲಿಲ್ಲ. ನಾಮ್ಕೊ ಕಂಪನಿಯವರು ರಿಡ್ಜ್ ರೇಸರ್ ಎಂಬ ಕಾರ್ ರೇಸಿನ ಆಟ ಲೋಡ್ ಆಗುವಷ್ಟರಲ್ಲಿ ಆಡಲು ತಮ್ಮದೇ ಹಳೆಯ ಗ್ಯಾಲಕ್ಸಿಯನ್ ಆಟದ ತುಣುಕೊಂದನ್ನು ಕೊಟ್ಟರು. ಎಂಥ ಒಳ್ಳೆಯ ಉಪಾಯ! ಅದಕ್ಕೆ ಪೇಟೆಂಟ್ ಪಡೆದು, ಬೇರೆಯವರು ಬಳಸದಂತೆ 2015ರವರೆಗೂ ಬೇಲಿ ಹಾಕಿಕೊಂಡದ್ದು ನನಗೆ ಈಗಲೂ ಬೇಸರದ ಸಂಗತಿ.

2020ರ ಪ್ಲೇಸ್ಟೇಷನ್ 5ರಲ್ಲಿ ಆಟವನ್ನು ಕೂಡಿಡುವ ಎಸ್‌.ಎಸ್‌.ಡಿ. ಸೆಕೆಂಡಿಗೆ 5.5 ಗಿಗಾಬೈಟ್ ಓದುತ್ತದೆ. ಈಗ ಯಂತ್ರವನ್ನು ದೂರುವಂತಿಲ್ಲ. ಆದರೂ ಇತ್ತೀಚೆಗೆ ಕೊಂಡ ಒಂದು ದೊಡ್ಡ ಆಟದಲ್ಲಿ ಮೊದಲ ರಾತ್ರಿ ಅಪ್‌ಡೇಟ್ ಇಳಿಸುವುದರಲ್ಲೇ ಕಳೆಯಿತು. ಮರುದಿನ ಖಾತೆ ತೆರೆ, ಕರಾರಿಗೆ ಒಪ್ಪು, ಕಂಪನಿಗಳ ಲಾಂಛನ ನೋಡು, ತೋರಿಸಿದ ಚಿಹ್ನೆ ಮಸುಕಾಗುವವರೆಗೆ ಪರದೆಯ ಬೆಳಕು ಹೊಂದಿಸು. ಬಳಿಕ ಕಥೆ ಹೇಳುವ, ಸುಮ್ಮನೆ ನೋಡಬೇಕಾದ ಉದ್ದನೆಯ ಚಿತ್ರಿಕೆ. ಕೊನೆಗೂ ನಿಯಂತ್ರಣ ಕೈಗೆ ಬಂತು ಎನ್ನುವಾಗ, ಮಾತಾಡುತ್ತಾ ಹೋಗುವ ಒಬ್ಬನ ಹಿಂದೆ ನಿಧಾನವಾಗಿ ನಡೆಯುವುದಷ್ಟೇ ಕೆಲಸ; ಓಡುವ ಗುಂಡಿ ಒತ್ತಿದರೂ ಓಡುವುದಿಲ್ಲ! ಇವುಗಳಲ್ಲಿ ಒಂದೂ ತಂತ್ರಜ್ಞಾನದ ಅನಿವಾರ್ಯತೆಯಲ್ಲ. ಯಾರೋ ಕುಳಿತು ತೀರ್ಮಾನಿಸಿ ನಮ್ಮ ಸಮಯವನ್ನು ತೆಗೆದುಕೊಂಡಿದ್ದಾರೆ.

ದೊಡ್ಡ ಕಥೆಯ ಆಟಕ್ಕೆ ಇಷ್ಟು ಪೀಠಿಕೆ ಬೇಕೇ ಬೇಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. 2017ರ ಜೆಲ್ಡಾ, ಬ್ರೆತ್ ಆಫ್ ದ ವೈಲ್ಡ್ ನೋಡಿ. ನಾಯಕ ಲಿಂಕ್ ಗುಹೆಯಲ್ಲಿ ಕಣ್ಣು ಬಿಡುತ್ತಾನೆ, ಪೆಟ್ಟಿಗೆಯಿಂದ ಬಟ್ಟೆ ತೆಗೆದು ತೊಡುತ್ತಾನೆ, ಹೊರಗೆ ಓಡಿದರೆ ಬಂಡೆಯಂಚಿನಿಂದ ಇಡೀ ರಾಜ್ಯವೇ ಕಾಣುತ್ತದೆ. ಕೆಲವೇ ನಿಮಿಷಗಳ ಮಾತು. ಕಥೆಯನ್ನು ಆಮೇಲೆ ನಾವೇ ಹುಡುಕಿಕೊಂಡು ಹೋಗುತ್ತೇವೆ.

ಹೊಸ ಆಟ ಕೊಳ್ಳುವ ಮುನ್ನ ಟ್ರೇಲರ್ ಬಿಟ್ಟು, ಯಾರಾದರೂ ಮೊದಲಿನಿಂದ ಆಡಿ ತೋರಿಸಿದ ವಿಡಿಯೋ ನೋಡಿ. ಆಡುವವರು ಮೊದಲ ಸಲ ಸ್ವತಂತ್ರವಾಗಿ ಓಡುವುದು ಎಷ್ಟನೇ ನಿಮಿಷದಲ್ಲಿ ಎಂದು ಗಮನಿಸಿ.