ಬಿಸಿಯಾಗದ ಡ್ರೈಯರ್: ಡೈರೆಕ್ಟ್ ಮಾಡಿಸಿದ್ದು, ಕಾಯಿಲ್ ಸುತ್ತಿಸಿದ್ದು, ಹೊಸ ಹೀಟರ್ ಹಾಕಿಸಿದ್ದು

ಧಾರವಾಡದ ಜುಲೈ ಮಳೆ ಗೊತ್ತಲ್ಲ, ಜಿಟಿಜಿಟಿ ಹಿಡಿದರೆ ಬಿಡುವ ಮಾತೇ ಇಲ್ಲ. ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದ ದಿನವೂ ಮಾಳಮಡ್ಡಿಯ ನಮ್ಮ ಮನೆ ಹಗ್ಗದ ಮೇಲಿನ ಬಟ್ಟೆ ಹಸಿಯಾಗೇ ಇರುತ್ತದೆ. ಮಗಳು ಬಾಣಂತನಕ್ಕೆ ಬಂದಿದ್ದಳು. ದಿನಕ್ಕೆ ಇಪ್ಪತ್ತು ಲಂಗೋಟಿ, ಮೇಲೆ ಕುಂಚಿಗೆ, ದುಪ್ಪಟಿ. ಅದೇ ವಾರ ಡ್ರೈಯರ್ ಕೈ ಕೊಟ್ಟಿತು. ಡ್ರಮ್ ತಿರುಗುತ್ತದೆ, ಗಾಳಿ ಬರುತ್ತದೆ, ಬಿಸಿ ಮಾತ್ರ ಇಲ್ಲ.

ಎರಡು ತಿಂಗಳಲ್ಲಿ ಮೂರು ಥರದ ರಿಪೇರಿ ಮಾಡಿಸಿದೆ. ನಮ್ಮದು ಬಿಸಿ ಹಬೆಯನ್ನು ಪೈಪಿನಿಂದ ಹೊರಗೆ ಬಿಡುವ ಮಷಿನ್, ಹೀಟರ್ 2000 ವ್ಯಾಟ್.

ಮೊದಲು ಬಂದ ಮೆಕ್ಯಾನಿಕ್ ಹಿಂದಿನ ತಗಡು ಬಿಚ್ಚಿ, "ಅಕ್ಕಾರ, ಥರ್ಮಲ್ ಫ್ಯೂಸ್ ಹೋಗೇತ್ರಿ, ಡೈರೆಕ್ಟ್ ಮಾಡಿಬಿಡ್ತೇನಿ, ಏನೂ ಆಗಂಗಿಲ್ಲ" ಅಂದ. ಫ್ಯೂಸ್ ಕಿತ್ತು ಎರಡು ವೈರ್ ಸೇರಿಸಿ ಟೇಪ್ ಸುತ್ತಿದ. 200 ರೂಪಾಯಿ, ಹತ್ತು ನಿಮಿಷದ ಕೆಲಸ. ಬಿಸಿ ಬಂತು, ನನಗೂ ಖುಷಿ ಆಯ್ತು. ನಾಲ್ಕನೇ ದಿನ ಸುಟ್ಟ ವಾಸನೆ. ಬಾಗಿಲು ತೆಗೆದು ನೋಡಿದರೆ ಒಂದು ಲಂಗೋಟಿಯ ಅಂಚು ಇಸ್ತ್ರಿ ತಾಗಿದ ಹಾಗೆ ಕಂದು ತಿರುಗಿತ್ತು. ಪಕ್ಕದ ಕೋಣೆಯಲ್ಲೇ ಕೂಸು ಮಲಗಿತ್ತು, ನನಗೆ ಕೈಕಾಲು ತಣ್ಣಗಾದವು. ಪ್ಲಗ್ ಕಿತ್ತಿಟ್ಟೆ. ಆ ಫ್ಯೂಸ್ ಸುಮ್ನೆ ಹೋಗುವುದಿಲ್ಲ. ಬಿಸಿ ಗಾಳಿ ಹೊರಗೆ ಹೋಗದೆ ಒಳಗೇ ಕಟ್ಟಿಕೊಂಡಾಗ ಕರೆಂಟ್ ಕಡಿಯಲಿ ಅಂತಲೇ ಅದನ್ನು ಇಟ್ಟಿರುವುದು. ಅದನ್ನು ಕಿತ್ತುಹಾಕಿದರೆ ರೋಗ ಹಾಗೇ ಉಳಿಯುತ್ತದೆ, ಕಾವಲು ಮಾತ್ರ ಹೋಗುತ್ತದೆ. ಯಾರು ಎಷ್ಟೇ ಧೈರ್ಯ ಹೇಳಿದರೂ ಡೈರೆಕ್ಟ್ ಮಾಡಿಸಬೇಡಿ.

ಅಷ್ಟರಲ್ಲಿ ಅತಿಯಾದ ಬಿಸಿಗೆ ಹೀಟರ್ ಕಾಯಿಲ್ ಕೂಡ ತುಂಡಾಗಿತ್ತು. ಎರಡನೇ ಪ್ರಯತ್ನ ಅದನ್ನು ಸುತ್ತಿಸಿದ್ದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಒಂದು ಅಂಗಡಿಯಲ್ಲಿ ಹೊಸ ನೈಕ್ರೋಮ್ ತಂತಿ ಹಾಕಿಸಿದೆ, 900 ರೂಪಾಯಿ. ಹೊಸ ಥರ್ಮಲ್ ಫ್ಯೂಸನ್ನೂ ಕೇಳಿ ಹಾಕಿಸಿದೆ. ಈ ಸಲ ಬಿಸಿ ಇತ್ತು, ಆದರೆ ಸಾಲದು. ಒಂದು ಲೋಡಿಗೆ ಎರಡು ಗಂಟೆ ಇಪ್ಪತ್ತು ನಿಮಿಷ. ಬಟ್ಟೆ ಒಣಗುವ ಹೊತ್ತಿಗೆ ಮುಂದಿನ ರಾಶಿ ಕಾಯುತ್ತಿತ್ತು.

ಆಗ ಅಳಿಯ ತನ್ನ ಮಲ್ಟಿಮೀಟರ್ ತಂದ. ಪ್ಲಗ್ ಕಿತ್ತು, ಹೀಟರಿನ ಎರಡೂ ವೈರ್ ಬಿಡಿಸಿ ಓಮ್ಸ್ ನೋಡಿದೆವು. ಓಮ್ಸ್ ಅಂದರೆ ತಂತಿ ಕರೆಂಟಿಗೆ ಒಡ್ಡುವ ತಡೆ, ಅದು ಜಾಸ್ತಿಯಾದಷ್ಟೂ ಬಿಸಿ ಕಡಿಮೆ. 230 ವೋಲ್ಟಿಗೆ 2000 ವ್ಯಾಟ್ ಬರಬೇಕಾದರೆ ಸುಮಾರು 26 ಓಮ್ ಇರಬೇಕು. ನಮ್ಮದು 34 ತೋರಿಸಿತು. ಲೆಕ್ಕ ಹಾಕಿದರೆ 1550 ವ್ಯಾಟ್ ಅಷ್ಟೇ. ಸುತ್ತಿದವರು ತೆಳು ತಂತಿ ಹಾಕಿದ್ದರೋ, ಉದ್ದ ಜಾಸ್ತಿ ಇಟ್ಟಿದ್ದರೋ. ಜೊತೆಗೆ ಒಂದು ಕಡೆ ಸುರುಳಿ ಆಗಲೇ ಜೋತು ಬಿದ್ದು ತಗಡಿನ ಹತ್ತಿರ ಬಂದಿತ್ತು. ತಗಡಿಗೆ ತಾಗಿದರೆ ಇಡೀ ಮಷಿನಿಗೆ ಕರೆಂಟ್ ಬರುವ ಭಯ. ಹಾಗಾಗಿ ಮೀಟರಿನ ಒಂದು ಕಡ್ಡಿ ಕಾಯಿಲಿಗೆ, ಇನ್ನೊಂದು ಮಷಿನ್ ಬಾಡಿಗೆ ಹಿಡಿದೂ ನೋಡಬೇಕು. ಅಲ್ಲಿ ಓಮ್ಸ್ ಏನಾದರೂ ತೋರಿಸಿದರೆ ಆ ಹೀಟರ್ ಬಳಸುವ ಹಾಗಿಲ್ಲ.

ಮಷಿನ್ ಎಳೆದಾಗ ಹಿಂದಿನ ಪೈಪ್ ಕಣ್ಣಿಗೆ ಬಿತ್ತು. ಮೂರು ಮೀಟರ್ ಉದ್ದದ ಪ್ಲಾಸ್ಟಿಕ್ ಸುರುಳಿ ಪೈಪ್, ಗೋಡೆಗೆ ಒತ್ತಿ ಮಡಚಿಕೊಂಡಿತ್ತು. ಬಿಚ್ಚಿದರೆ ಒಳಗಿಂದ ಹಿಂಜಿದ ಅರಳೆಯಂಥ ಬೂದು ಧೂಳು, ಕೆಳಗಿನ ಬಾಗಿನಲ್ಲಿ ನೀರು ಕುಡಿದು ಒದ್ದೆ ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಎಳೆದರೆ ಒಂದೇ ತುಂಡಾಗಿ ಬಂತು, ಮೊಳದುದ್ದ. ಫ್ಯೂಸ್ ಹಾರಿದ್ದಕ್ಕೆ ಕಾರಣ ಇದೇ. ಮಷಿನಿನೊಳಗೆ ಧೂಳು ಹಿಡಿಯುವ ಜಾಳಿಗೆಯನ್ನು ಪ್ರತಿ ಸಲ ತೆಗೆದು ಒರೆಸುತ್ತಿದ್ದೆ, ಪೈಪಿನ ಕಡೆ ಯಾರೂ ನೋಡಿರಲಿಲ್ಲ. ಒಂದೇ ಬಾಗು ಇರುವ ಗಿಡ್ಡ ಅಲ್ಯೂಮಿನಿಯಂ ಪೈಪ್ ಹಾಕಿದೆವು, 450 ರೂಪಾಯಿ. ಬೇರೇನೂ ಬದಲಿಸದೆ, ಅದೇ ಸುತ್ತಿಸಿದ ಕಾಯಿಲಿನಲ್ಲೇ ಸಮಯ ಒಂದು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಇಡೀ ಖರ್ಚಿನಲ್ಲಿ ನನಗೆ ಹೆಚ್ಚು ಫಲ ಕೊಟ್ಟಿದ್ದು ಈ 450 ರೂಪಾಯಿ.

ಜೋತುಬಿದ್ದ ಕಾಯಿಲ್ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಮೂರನೆಯದು ಕಂಪನಿಯ ಹೊಸ ಹೀಟರ್, ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಸಮೇತ 3800 ರೂಪಾಯಿ. ಮೀಟರಿನಲ್ಲಿ 26.5 ಓಮ್. ಅದೇ ಮೂರು ಕಿಲೋ ಬಟ್ಟೆ ಒಂದು ಗಂಟೆ ಹದಿನೈದು ನಿಮಿಷದಲ್ಲಿ ಗರಿಗರಿ.

ಆದರೆ ಮಧ್ಯಾಹ್ನ ಮಾತ್ರ. ಸಂಜೆ ಏಳಕ್ಕೆ ಹಾಕಿದರೆ ಮತ್ತೆ ಒಂದು ಮುಕ್ಕಾಲು ಗಂಟೆ ದಾಟುತ್ತಿತ್ತು. ಹೊಸ ಹೀಟರೂ ಕೆಟ್ಟಿತೇ ಅಂತ ಹೊಟ್ಟೆ ಉರಿಯಿತು. ಮಷಿನ್ ಓಡುವಾಗ ಪಕ್ಕದ ಸಾಕೆಟ್ಟಿನಲ್ಲಿ ಅಳಿಯ ವೋಲ್ಟೇಜ್ ನೋಡಿದ: ಮಧ್ಯಾಹ್ನ 226, ಸಂಜೆ 188. ಹೀಟರಿನ ಶಾಖ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 230ರಿಂದ 188 ಅಂದರೆ ವೋಲ್ಟೇಜ್ ಶೇ 18 ಕಡಿಮೆ, ಶಾಖ ಶೇ 33 ಕಡಿಮೆ. 2000 ವ್ಯಾಟಿನ ಹೀಟರ್ 1340ಕ್ಕೆ ಬಂದು ನಿಲ್ಲುತ್ತದೆ. ಮಷಿನ್ ಹಾಕಿದ ಕೂಡಲೇ ಮಾತ್ರ ವೋಲ್ಟೇಜ್ ದಪ್ಪನೆ ಬೀಳುತ್ತಿದ್ದರೆ ಮನೆ ವೈರಿಂಗ್ ಅಥವಾ ಸಡಿಲ ಪ್ಲಗ್ ನೋಡಿಸಬೇಕು, ನಮ್ಮಲ್ಲಿ ಮಷಿನ್ ಬಂದ್ ಇದ್ದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಅಂಗಡಿಯವರು ದೊಡ್ಡ ಸ್ಟೆಬಿಲೈಸರ್ ತಗೊಳ್ಳಿ ಅಂದರು. ನಾನು ಮಧ್ಯಾಹ್ನ ಎರಡಕ್ಕೆ ಹಾಕಲು ಶುರು ಮಾಡಿದೆ, ಖರ್ಚು ಸೊನ್ನೆ.

ಇನ್ನೊಂದು ಪುಕ್ಕಟೆ ಉಪಾಯ, ವಾಷಿಂಗ್ ಮಷಿನಿನ ಸ್ಪಿನ್ ನಿಮಿಷಕ್ಕೆ 800 ಸುತ್ತಿನಿಂದ 1200ಕ್ಕೆ ಏರಿಸಿದ್ದು. ಅದೇ ಲೋಡ್ ತೂಗಿದರೆ 400 ಗ್ರಾಂ ಹಗುರ. ಅಷ್ಟು ನೀರನ್ನು ಹಬೆ ಮಾಡಲು ಕಾಲು ಯೂನಿಟ್ ಬೇಕು, ಅದು ಉಳಿಯಿತು.

ಮಷಿನ್ ಬಂದ್ ಇದ್ದ ದಿನಗಳಲ್ಲಿ ಅತ್ತೆಯವರು ಅಟ್ಟದಿಂದ ಬಿದಿರು ಬುಟ್ಟಿ ಇಳಿಸಿ, ಪಡಸಾಲೆಯಲ್ಲಿ ಕೆಂಡದ ಮೇಲೆ ಬೋರಲು ಹಾಕಿ, ಚಿಟಿಕೆ ಲೋಬಾನ ಉದುರಿಸಿ ಲಂಗೋಟಿ ಹರವುತ್ತಿದ್ದರು. ಒಂದು ಸಲಕ್ಕೆ ನಾಲ್ಕೇ. ಬಾಗಿಲು ತೆರೆದಿರಬೇಕು, ಬಿಟ್ಟು ಏಳುವ ಹಾಗಿಲ್ಲ. ಆದರೂ ಆ ವಾಸನೆ ಯಾವ ಮಷಿನಿನಿಂದಲೂ ಬರುವುದಿಲ್ಲ. ಈಗ ಡ್ರೈಯರ್ ಸರಿ ಇದ್ದರೂ ಕೂಸಿನ ಕುಂಚಿಗೆ ಮಾತ್ರ ಬುಟ್ಟಿ ಮೇಲೇ ಒಣಗುತ್ತದೆ.