ಕಲಿಯದೆ ಬಂದ ಮಾಯೆ: ಸಾರ್ಸರರ್ ಕ್ಲಾಸ್ ಜೊತೆ ಆರು ವರ್ಷ

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ನಾನು ಶುರು ಮಾಡಿದ್ದು 2019ರಲ್ಲಿ. ಶನಿವಾರ ಸಂಜೆ, ಐದು ಜನ, ಒಬ್ಬರ ಮನೆಯ ಊಟದ ಮೇಜು. ಆಟದಲ್ಲಿ ಪಾತ್ರದ ಬಗೆಗೆ ಕ್ಲಾಸ್ ಅನ್ನುತ್ತಾರೆ; ಫೈಟರ್ (ಯೋಧ), ರೋಗ್ (ಕಳ್ಳ), ಕ್ಲೆರಿಕ್ (ಪುರೋಹಿತ) ಎಲ್ಲವನ್ನೂ ಸ್ವಲ್ಪ ಸ್ವಲ್ಪ ಆಡಿ ನೋಡಿದ್ದೇನೆ. ಆದರೆ ತಿರುಗಿ ತಿರುಗಿ ಬಂದದ್ದು ಹುಟ್ಟು ಮಾಯಾವಿಯಾದ ಸಾರ್ಸರರ್‌ಗೇ. ಇದುವರೆಗೆ ಮೂರು ಸಾರ್ಸರರ್ ಪಾತ್ರ ಆಡಿದ್ದೇನೆ: ಎರಡು 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್ (ಆಟದ ನಿಯಮ ಪುಸ್ತಕ) ಪ್ರಕಾರ, ಒಂದು 2024ರ ಹೊಸ ಪುಸ್ತಕದ ಪ್ರಕಾರ. ಈ ವಿಮರ್ಶೆ ಆ ಮೂರನ್ನೂ ಸೇರಿಸಿ ಬರೆದದ್ದು.

ವಿಜಾರ್ಡ್‌ಗೂ ಸಾರ್ಸರರ್‌ಗೂ ಏನು ವ್ಯತ್ಯಾಸ ಅಂತ ಹೊಸಬರು ಕೇಳಿದರೆ ನಾನು ಅರ್ಜುನ, ಕರ್ಣರ ಕಥೆ ಹೇಳುತ್ತೇನೆ. ಅರ್ಜುನ ತಪಸ್ಸು ಮಾಡಿ ಪಾಶುಪತ ಪಡೆದ. ಕರ್ಣನ ಕವಚ ಹುಟ್ಟಿದಾಗಲೇ ಮೈಮೇಲಿತ್ತು. ಅದನ್ನು ದಾನ ಕೊಡಲು ಅವನು ಮೈಯನ್ನೇ ಕೊಯ್ದುಕೊಳ್ಳಬೇಕಾಯಿತು. ವಿಜಾರ್ಡ್ ಪುಸ್ತಕ ಓದಿ ಸ್ಪೆಲ್ (ಮಂತ್ರ) ಕಲಿಯುತ್ತಾನೆ. ಸಾರ್ಸರರ್‌ಗೆ ಅದು ರಕ್ತದಲ್ಲೇ ಇರುತ್ತದೆ, ಬೇಡ ಅಂದರೂ ಬಿಡುವುದಿಲ್ಲ. ಆಟ ಬಂದದ್ದು 1974ರಲ್ಲಿ. ಈ ಕ್ಲಾಸ್ ಸೇರಿದ್ದು 2000ದ ಮೂರನೇ ಆವೃತ್ತಿಯಲ್ಲಿ.

ನನ್ನ ಮೊದಲ ಪಾತ್ರ ಡ್ರಾಕೋನಿಕ್ ಬ್ಲಡ್‌ಲೈನ್, ಅಂದರೆ ಡ್ರ್ಯಾಗನ್ ರಕ್ತದ ವಂಶ. ಉಪ್ಪು ಮಾಡುವವರ ಮಗ. ಈ ವಂಶದವರ ಚರ್ಮದ ಮೇಲೆ ಅಲ್ಲಲ್ಲಿ ತೆಳುವಾದ ಹುರುಪೆ ಇರುತ್ತದೆ. ಆದ್ದರಿಂದ ಕವಚ ಹಾಕದಿದ್ದರೂ ಆರ್ಮರ್ ಕ್ಲಾಸ್ (ಏಟಿನಿಂದ ರಕ್ಷಣೆಯ ಅಂಕ) 13, ಅದಕ್ಕೆ ಡೆಕ್ಸ್‌ಟೆರಿಟಿ (ಚುರುಕುತನ) ಮಾಡಿಫೈಯರ್ ಸೇರಿಸಿ ಅಂತ ನಿಯಮ. ಹೆಚ್ಚಿನವರು ಇದನ್ನು ಅಂಕಿ ಅಂತ ಬರೆದುಕೊಂಡು ಮುಂದೆ ಹೋಗುತ್ತಾರೆ. ನಾನು ಅಲ್ಲೇ ನಿಂತೆ. ಉಪ್ಪಿನ ಗದ್ದೆಯಲ್ಲಿ ದುಡಿಯುವ ಹುಡುಗನ ಮೈಮೇಲೆ ಹುರುಪೆ ಎದ್ದರೆ ಊರು ಏನು ಅಂದುಕೊಳ್ಳುತ್ತದೆ? ಚರ್ಮರೋಗ ಅಂತ ತಾನೆ? ಅವನ ತಾಯಿ ದಿನಾ ಎಣ್ಣೆ ಹಚ್ಚುತ್ತಿದ್ದಳು, ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಸುತ್ತಿದ್ದಳು. ತನ್ನದು ಡ್ರ್ಯಾಗನ್ ರಕ್ತ ಅಂತ ಅವನಿಗೆ ಗೊತ್ತಾಗುವಷ್ಟರಲ್ಲಿ ನಾಲ್ಕನೇ ಲೆವೆಲ್ (ಪಾತ್ರ ಬೆಳೆಯುವ ಹಂತ) ದಾಟಿತ್ತು. ಅಷ್ಟು ಹೊತ್ತಿಗೂ ಅವನು ಯಾರ ಮುಂದೆಯೂ ಅಂಗಿ ಬಿಚ್ಚಿರಲಿಲ್ಲ. ಆ ಒಂದು ಅಂಗಿಯಿಂದ ಎಷ್ಟು ಸೆಷನ್ ನಡೆದವು ಅಂದರೆ ನನಗೇ ಆಶ್ಚರ್ಯ.

ಈ ಕ್ಲಾಸ್ ಮೇಲಿನ ದೊಡ್ಡ ದೂರು ಒಂದಿದೆ, ನ್ಯಾಯವಾದದ್ದೇ. 2014ರ ನಿಯಮದಲ್ಲಿ ಸ್ಪೆಲ್‌ಗಳು ತೀರಾ ಕಡಿಮೆ. ಐದನೇ ಲೆವೆಲ್‌ನಲ್ಲಿ ಸಾರ್ಸರರ್‌ಗೆ ಗೊತ್ತಿರುವುದು ಆರು. ಅದೇ ಲೆವೆಲ್‌ನ ವಿಜಾರ್ಡ್ ಪುಸ್ತಕದಲ್ಲಿ ಕಡಿಮೆ ಅಂದರೂ ಹದಿನಾಲ್ಕು ಇರುತ್ತವೆ. ಇಪ್ಪತ್ತನೇ ಲೆವೆಲ್‌ಗೆ ಹೋದರೂ ನಮಗೆ ಹದಿನೈದೇ. ಮೊದಲ ವರ್ಷ ಇದು ನನ್ನನ್ನು ತುಂಬಾ ಕಾಡಿತು. ಆಮೇಲೆ ಸ್ಪೆಲ್ ಆರಿಸುವ ರೀತಿಯನ್ನೇ ಬದಲಾಯಿಸಿಕೊಂಡೆ. ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಕೇಳುವುದನ್ನು ಬಿಟ್ಟೆ. ಈ ಹುಡುಗನ ಮೈಯಿಂದ ಯಾವುದು ಹೊರಗೆ ಬರುತ್ತದೆ ಅಂತ ಕೇಳಿಕೊಂಡೆ. ಬೆಂಕಿ ಬರುತ್ತದೆ, ಭಯವಾದಾಗ. ಓಡಿಹೋಗುವ ಆಸೆ ಮಿಸ್ಟಿ ಸ್ಟೆಪ್ (ಇಲ್ಲಿಂದ ಮಾಯವಾಗಿ ಅಲ್ಲಿ ಕಾಣಿಸುವ ಸ್ಪೆಲ್) ಆಗುತ್ತದೆ. ಲೆವೆಲ್ ಏರಿದಾಗ ಒಂದು ಸ್ಪೆಲ್ ಬಿಟ್ಟು ಇನ್ನೊಂದು ತೆಗೆದುಕೊಳ್ಳಬಹುದಲ್ವಾ, ಅದನ್ನು ಅವನು ಬದಲಾದ ಗುರುತಾಗಿ ಆಡಿದೆ.

ಇನ್ನೊಂದು ನಿಯಮ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ. ಬೆಂಕಿ ಸಿಡಿಸುವ ಫೈರ್‌ಬಾಲ್ ಸ್ಪೆಲ್‌ಗೆ ಬಾವಲಿ ಹಿಕ್ಕೆ ಮತ್ತು ಗಂಧಕ ಬೇಕು, ಇಲ್ಲವೇ ಮಂತ್ರದಂಡದಂಥ ಒಂದು ಫೋಕಸ್ ಕೈಯಲ್ಲಿರಬೇಕು. ಪಾಠ ಕಲಿತ ವಿಜಾರ್ಡ್‌ಗೆ ಸರಿ. ರಕ್ತದಲ್ಲೇ ಬೆಂಕಿ ಇರುವವನಿಗೆ ಯಾಕೆ? ನಮ್ಮ ಡಿಎಂ (ಡಂಜನ್ ಮಾಸ್ಟರ್, ಆಟ ನಡೆಸುವವರು) ಜೊತೆ ಮಾತಾಡಿ, ಅಂಗೈ ಮೇಲಿನ ಹುರುಪೆಯೇ ಫೋಕಸ್ ಅಂತ ಮಾಡಿಕೊಂಡೆವು. ಆಟದ ಸಮತೋಲ ಏನೂ ಕೆಡಲಿಲ್ಲ. ನೀವೂ ಕೇಳಿ ನೋಡಿ.

ಈ ಕ್ಲಾಸಿನ ನಿಜವಾದ ಆಸ್ತಿ ಮೆಟಾಮ್ಯಾಜಿಕ್, ಅಂದರೆ ಸ್ಪೆಲ್ ಕೆಲಸ ಮಾಡುವ ರೀತಿಯನ್ನೇ ಬದಲಿಸುವ ಶಕ್ತಿ. ಎಲ್ಲರೂ ಟ್ವಿನ್ಡ್ ಸ್ಪೆಲ್, ಕ್ವಿಕನ್ಡ್ ಸ್ಪೆಲ್ ತೆಗೆದುಕೊಳ್ಳಿ ಅನ್ನುತ್ತಾರೆ. ಯುದ್ಧಕ್ಕೆ ಅವು ಒಳ್ಳೆಯವೇ. ಪಾತ್ರ ಆಡಬೇಕು ಅನ್ನುವವರು ಸಬ್ಟಲ್ ಸ್ಪೆಲ್ ಬಿಡಬೇಡಿ. ಒಂದು ಸಾರ್ಸರಿ ಪಾಯಿಂಟ್ (ಇದಕ್ಕೆಂದೇ ಇರುವ ಅಂಕ) ಖರ್ಚು ಮಾಡಿದರೆ ಬಾಯಿ ತೆರೆಯದೆ, ಕೈ ಆಡಿಸದೆ ಸ್ಪೆಲ್ ಹಾಕಬಹುದು. ಒಮ್ಮೆ ನಮ್ಮನ್ನೆಲ್ಲ ಹಿಡಿದು ಕೈ ಕಟ್ಟಿ, ಬಾಯಿಗೆ ಬಟ್ಟೆ ತುರುಕಿ ಸೆರೆಗೆ ಹಾಕಿದ್ದರು. ವಿಜಾರ್ಡ್ ಪುಸ್ತಕ ಕಾವಲುಗಾರರ ಕೈಯಲ್ಲಿತ್ತು. ನನ್ನ ಹುಡುಗ ಸುಮ್ನೆ ಸರಳುಗಳ ಆಚೆ ನೋಡಿದ. ಅಲ್ಲಿರಬೇಕು ಅನ್ನಿಸಿತು. ಮರುಕ್ಷಣ ಅಲ್ಲಿದ್ದ. ಮಿಸ್ಟಿ ಸ್ಟೆಪ್, ಮೂವತ್ತು ಅಡಿ. ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಹುಟ್ಟಿನಿಂದ ಬಂದ ಶಕ್ತಿ ಅಂದರೆ ಏನು ಅಂತ ನನಗೆ ಪೂರ್ತಿ ಅರ್ಥವಾದದ್ದು ಆ ರಾತ್ರಿ.

ಎರಡನೇ ಪಾತ್ರ ವೈಲ್ಡ್ ಮ್ಯಾಜಿಕ್, ಅಂದರೆ ಹಿಡಿತಕ್ಕೆ ಸಿಗದ ಮಾಯೆ. ಇಲ್ಲಿ ಸ್ವಲ್ಪ ಎಚ್ಚರ ಹೇಳಬೇಕು. ಸ್ಪೆಲ್ ಹಾಕಿದ ಮೇಲೆ ಡಿಎಂ ಹೇಳಿದರೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಒಂದು ಬಿದ್ದರೆ ನೂರರ ಪಟ್ಟಿಯಿಂದ ಏನೋ ಒಂದು ಆಗುತ್ತದೆ. ಮೈ ನೀಲಿಯಾಗಬಹುದು. ಕುಂಡದ ಗಿಡವಾಗಬಹುದು. ಗರಿಗಳ ಗಡ್ಡ ಬೆಳೆದು, ಸೀನುವವರೆಗೂ ಉಳಿಯಬಹುದು. ಜನ ಇದನ್ನು ತಮಾಷೆಗೆ ಆರಿಸುತ್ತಾರೆ. ಅದೇ ಪಟ್ಟಿಯಲ್ಲಿ ನಿಮ್ಮನ್ನೇ ನಡುವಿಟ್ಟುಕೊಂಡು ಸಿಡಿಯುವ ಫೈರ್‌ಬಾಲ್ ಕೂಡ ಇದೆ.

ನಮಗೆ ಅದು ಎರಡನೇ ಲೆವೆಲ್‌ನಲ್ಲೇ ಬಂತು. ಎಂಟು ದಾಳ ಸೇರಿ ಏಟು 31. ನನ್ನ ಪಾತ್ರದ ಹುಡುಗಿ ಸೇವ್ (ಏಟು ಅರ್ಧವಾಗಲು ಹಾಕುವ ದಾಳ) ಗೆದ್ದರೂ ಪ್ರಜ್ಞೆ ತಪ್ಪಿ ಬಿದ್ದಳು. ಪಕ್ಕದಲ್ಲಿದ್ದ ರೋಗ್‌ಗೆ ಇದ್ದದ್ದು 15 ಹಿಟ್ ಪಾಯಿಂಟ್ (ಜೀವದ ಅಂಕ). ಅವನು ಸೇವ್ ಸೋತ, ಅಲ್ಲೇ ಸತ್ತ. ಆ ಪಾತ್ರವನ್ನು ಆಡುತ್ತಿದ್ದ ಗೆಳೆಯನಿಗೆ ನಿಜಕ್ಕೂ ಬೇಜಾರಾಯಿತು. ಅವನು ಹತ್ತು ಪುಟ ಕಥೆ ಬರೆದುಕೊಂಡು ಬಂದಿದ್ದ. ಮುಂದಿನ ಎರಡು ಸೆಷನ್ ನನ್ನವಳು ಒಂದು ಸ್ಪೆಲ್ಲೂ ಹಾಕಲಿಲ್ಲ, ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ನಡೆದಳು. ನಾನು ಆಡಿದ್ದರಲ್ಲಿ ಅತ್ಯಂತ ಆಳವಾದ ಪಾತ್ರ ಅವಳೇ. ಆದರೂ ಮೊದಲೇ ಎಲ್ಲರನ್ನೂ ಕೂರಿಸಿ ಕೇಳಬೇಕಿತ್ತು: ನನ್ನ ಮಾಯೆಯಿಂದ ನಿಮ್ಮ ಪಾತ್ರ ಸಾಯಬಹುದು, ಪರವಾಗಿಲ್ವಾ? ಈಗ ಹಾಗೆ ಕೇಳದೆ ಯಾವ ಕ್ಯಾಂಪೇನ್ (ಹಲವು ಸೆಷನ್‌ಗಳ ಕಥೆ) ಶುರು ಮಾಡುವುದಿಲ್ಲ.

2024ರ ಪುಸ್ತಕ ಹಲವು ಗಂಟು ಬಿಡಿಸಿದೆ. ಐದನೇ ಲೆವೆಲ್‌ಗೆ ಒಂಬತ್ತು ಸ್ಪೆಲ್. ವೈಲ್ಡ್ ಮ್ಯಾಜಿಕ್‌ಗೆ ಡಿಎಂ ನೆನಪು ಮಾಡಿಕೊಳ್ಳಲಿ ಅಂತ ಕಾಯಬೇಕಿಲ್ಲ, ನೀವೇ ದಾಳ ಹಾಕಬಹುದು, ಇಪ್ಪತ್ತು ಬಿದ್ದರೆ ಸಿಡಿಯುತ್ತದೆ. ಇನ್ನೇಟ್ ಸಾರ್ಸರಿ ಅನ್ನುವ ಹೊಸ ಶಕ್ತಿ ಒಂದು ನಿಮಿಷ ಇರುತ್ತದೆ. ಆಗ ಸ್ಪೆಲ್ ಸೇವ್ ಡಿಸಿ (ಎದುರಾಳಿ ಸೇವ್ ಗೆಲ್ಲಲು ಬೇಕಾದ ಅಂಕ) ಒಂದು ಜಾಸ್ತಿ, ಸ್ಪೆಲ್ ದಾಳಿಗೆ ಅಡ್ವಾಂಟೇಜ್ (ದಾಳ ಎರಡು ಸಲ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವುದು). ಮೈಯೊಳಗಿನದು ಉಕ್ಕಿ ಬರುವ ಕ್ಷಣಕ್ಕೆ ಕೊನೆಗೂ ಒಂದು ನಿಯಮ ಸಿಕ್ಕಿತು. ಡ್ರಾಕೋನಿಕ್, ವೈಲ್ಡ್ ಮ್ಯಾಜಿಕ್‌ನಂಥ ವಂಶ ಆರಿಸುವುದು ಈಗ ಮೂರನೇ ಲೆವೆಲ್‌ನಲ್ಲಿ. ರಕ್ತದಲ್ಲಿರುವುದು ತಡವಾಗಿ ಯಾಕೆ ಬರಬೇಕು ಅಂತ ಕೆಲವರು ಕೇಳುತ್ತಾರೆ. ನನಗೆ ಮಾತ್ರ ಇಷ್ಟವಾಯಿತು. ಎರಡು ಲೆವೆಲ್ ತನಗೆ ಏನಾಗುತ್ತಿದೆ ಅಂತ ಗೊತ್ತಿಲ್ಲದೆ ಕಳೆಯುವ ಅವಕಾಶ ಅದು.

ಐದರಲ್ಲಿ ಹಳೆಯ ಪುಸ್ತಕದ ಸಾರ್ಸರರ್‌ಗೆ ಮೂರೂವರೆ, ಹೊಸದಕ್ಕೆ ನಾಲ್ಕೂವರೆ ಕೊಡುತ್ತೇನೆ. ದುಡ್ಡು ಹಾಕುವ ಮುಂಚೆ ರುಚಿ ನೋಡಬೇಕು ಅಂದರೆ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಮುಕ್ತ ಪರವಾನಗಿ ಅಡಿ ಬಿಟ್ಟ ಎಸ್‌ಆರ್‌ಡಿ 5.1 (ಆಟದ ಮೂಲ ನಿಯಮಗಳ ಕಡತ) ಉಚಿತವಾಗಿ ಸಿಗುತ್ತದೆ. ಅದರಲ್ಲಿ ಡ್ರಾಕೋನಿಕ್ ಸಾರ್ಸರರ್ ಪೂರ್ತಿ ಇದೆ. ನನ್ನ ಮೂರನೇ ಪಾತ್ರ ಹೋದ ವಾರ ಎರಡನೇ ಲೆವೆಲ್ ಮುಗಿಸಿದಳು. ಅವಳ ನೆರಳು ಮಧ್ಯಾಹ್ನದಲ್ಲೂ ಉದ್ದ ಬೀಳುತ್ತದೆ. ಯಾಕೆ ಅಂತ ಡಿಎಂಗೂ ನಾನು ಇನ್ನೂ ಹೇಳಿಲ್ಲ.