‘ನಂಬುತ್ತೀರಾ?’ ಎಂದು ಕೇಳುವ ಚರ್ಚೆಗಳಿಂದ ಮತದಾರನಿಗೆ ಸಿಗುವುದೇನು?

ಅಮೆರಿಕದಲ್ಲಿ ಅಧ್ಯಕ್ಷ ಹುದ್ದೆಗೆ ನಿಲ್ಲುವವರು ಜೀವವಿಕಾಸದ ಬಗ್ಗೆ, ತಮ್ಮ ದೈವಶ್ರದ್ಧೆಯ ಬಗ್ಗೆ ಏನು ಹೇಳುತ್ತಾರೆಂದು ತಿಳಿಯಬಯಸುವ ಮತದಾರನಿಗೆ ಮೂರು ಬಗೆಯ ಸೇವೆಗಳು ಕಾಸು ಖರ್ಚಿಲ್ಲದೆ ದೊರೆಯುತ್ತವೆ. ಮೊದಲನೆಯದು ದೂರದರ್ಶನ ವಾಹಿನಿಗಳು ನಡೆಸುವ ಚರ್ಚೆ. ಎರಡನೆಯದು ಚರ್ಚುಗಳೂ ಧಾರ್ಮಿಕ ಕಾಲೇಜುಗಳೂ ಏರ್ಪಡಿಸುವ ಸಂವಾದ. ಮೂರನೆಯದು ‘ಸೈನ್ಸ್ ಡಿಬೇಟ್’ ಎಂಬ ಸಂಘಟನೆ ಅಭ್ಯರ್ಥಿಗಳಿಗೆ ಕಳಿಸಿ ಉತ್ತರ ಪಡೆಯುವ ಲಿಖಿತ ಪ್ರಶ್ನಾವಳಿ. ಈ ದೇಶದಲ್ಲಿ ಮತ ಹಾಕುವ ಹಕ್ಕು ಪಡೆದ ಮೇಲೆ ಮೂರನ್ನೂ ನಾನು ಶ್ರದ್ಧೆಯಿಂದ ಬಳಸಿದ್ದೇನೆ. ಹಳೆಯ ಮುದ್ರಿಕೆಗಳನ್ನು ಮತ್ತೆ ಮತ್ತೆ ನೋಡಿದ್ದೇನೆ. ಇದರ ಹಿಂದೆ ಒಂದು ಸ್ವಂತ ಕಾರಣವೂ ಇದೆ. ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಅವಳ ಜೀವಶಾಸ್ತ್ರದ ಶಿಕ್ಷಕರು ವಿಕಾಸದ ಅಧ್ಯಾಯ ಬಂದಾಗ ‘ಇದನ್ನು ಮನೆಯಲ್ಲೇ ಓದಿಕೊಳ್ಳಿ’ ಎಂದು ಹೇಳಿ ಮುಂದಿನ ಪಾಠಕ್ಕೆ ಹೋದರು. ಮಗಳು ಆ ಪುಟಗಳನ್ನು ತೆರೆದಿಟ್ಟುಕೊಂಡು ನನ್ನನ್ನು ಕೇಳಿದ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಿದ್ದಾಗಲೇ, ಶಾಲೆಯ ಆ ಮೌನಕ್ಕೂ ನಾನು ಒತ್ತುವ ಮತದ ಗುಂಡಿಗೂ ನಂಟೇನು ಎಂಬ ಯೋಚನೆ ಹತ್ತಿಕೊಂಡಿತು.

ಮೊದಲು ದೂರದರ್ಶನದ ಚರ್ಚೆ. 2007ರ ಮೇ 3ರಂದು ಕ್ಯಾಲಿಫೋರ್ನಿಯಾದ ಸಿಮಿ ವ್ಯಾಲಿಯಲ್ಲಿರುವ ರೇಗನ್ ಗ್ರಂಥಾಲಯದಲ್ಲಿ ರಿಪಬ್ಲಿಕನ್ ಪಕ್ಷದ ಹತ್ತು ಮಂದಿ ಆಕಾಂಕ್ಷಿಗಳು ಸಾಲಾಗಿ ನಿಂತಿದ್ದರು. ಹಿನ್ನೆಲೆಯಲ್ಲಿ ರೇಗನ್ ಪ್ರಯಾಣಿಸುತ್ತಿದ್ದ ದೊಡ್ಡ ವಿಮಾನ. ಜಾನ್ ಮೆಕೇನ್ ಅವರಿಗೆ ‘ನೀವು ವಿಕಾಸವನ್ನು ನಂಬುತ್ತೀರಾ’ ಎಂಬ ಪ್ರಶ್ನೆ ಬಂತು. ಹೌದು ಅಥವಾ ಇಲ್ಲ ಎಂದಷ್ಟೇ ಹೇಳಬೇಕಿತ್ತು. ಅವರು ಕ್ಷಣ ತಡೆದು ಹೌದೆಂದರು. ಕೂಡಲೇ, ನಂಬದವರು ಯಾರಾದರೂ ವೇದಿಕೆಯ ಮೇಲಿದ್ದಾರೆಯೇ ಎಂದು ಉಳಿದವರನ್ನೆಲ್ಲ ಒಟ್ಟಿಗೆ ಕೇಳಲಾಯಿತು. ಮೂರು ಕೈಗಳು ಮೇಲೆದ್ದವು: ಸ್ಯಾಮ್ ಬ್ರೌನ್‌ಬ್ಯಾಕ್, ಮೈಕ್ ಹಕಬೀ, ಟಾಮ್ ಟ್ಯಾಂಕ್ರೆಡೊ. ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಕೈಗಳು ಮೇಲೆದ್ದು ಇಳಿಯುವುದಕ್ಕೆ ಹಿಡಿದ ಸಮಯ ಒಂದು ಗುಟುಕು ನೀರು ಕುಡಿಯುವುದಕ್ಕೂ ಸಾಲದು. ಮೆಕೇನ್ ಮಾತ್ರ ಒಂದು ಮಾತು ಸೇರಿಸಲು ಅವಕಾಶ ಕೇಳಿ, ತಾವು ವಿಕಾಸವನ್ನು ನಂಬುವುದು ನಿಜ, ಆದರೆ ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ನಡೆಯುತ್ತ ಸೂರ್ಯಾಸ್ತ ಕಂಡಾಗ ಅಲ್ಲಿ ದೇವರ ಕೈಯೂ ಇದೆಯೆಂದು ನಂಬುತ್ತೇನೆ ಎಂದರು. ಆ ಎರಡು ವಾಕ್ಯಗಳಿಗೆ ಸಿಕ್ಕಷ್ಟು ಹೊತ್ತು ಕೈ ಎತ್ತಿದ ಮೂವರಿಗೂ ಸಿಗಲಿಲ್ಲ. ಕೈ ಎತ್ತದೆ ಸುಮ್ಮನಿದ್ದ ಆರು ಮಂದಿಯ ಮನಸ್ಸಿನಲ್ಲಿ ಏನಿತ್ತೆಂಬುದಂತೂ ಗೊತ್ತಾಗಲೇ ಇಲ್ಲ.

ಈ ಸೇವೆಯ ದೊಡ್ಡ ದೋಷ ‘ನಂಬುತ್ತೀರಾ’ ಎಂಬ ಆ ಒಂದು ಪದದಲ್ಲೇ ಇದೆ. ಕನ್ನಡದಲ್ಲಿ ಯೋಚಿಸುವ ನನಗೆ ಇದು ಮೊದಲ ಸಲಕ್ಕೇ ಕಿವಿಗೆ ಚುಚ್ಚಿತು. ನಾವು ದೇವರನ್ನು ನಂಬುತ್ತೇವೆ, ಗೆಳೆಯನನ್ನು ನಂಬುತ್ತೇವೆ. ಆದರೆ ಸಾಕ್ಷ್ಯ ತೋರಿಸಿ ಸಾಧಿಸಿದ ಮಾತನ್ನು ಒಪ್ಪುತ್ತೇವೆ. ನಂಬುವುದರಲ್ಲಿ ಶರಣಾಗತಿಯಿದೆ; ಒಪ್ಪುವುದರಲ್ಲಿ ಮೊದಲು ಪರೀಕ್ಷೆಯಿದೆ, ನಾಳೆ ಬೇರೆ ಸಾಕ್ಷ್ಯ ಬಂದರೆ ತಿದ್ದಿಕೊಳ್ಳುವ ಅವಕಾಶವೂ ಇದೆ. ಅಭ್ಯರ್ಥಿಯನ್ನು ವಿಕಾಸದ ವಿಷಯದಲ್ಲಿ ‘ನಂಬುತ್ತೀರಾ’ ಎಂದು ಕೇಳಿದ ಕ್ಷಣವೇ ಡಾರ್ವಿನ್‌ನನ್ನು ದೇವರ ಎದುರು ಇನ್ನೊಂದು ಪೀಠದಲ್ಲಿ ಕೂರಿಸಿದಂತಾಗುತ್ತದೆ. ಆಮೇಲೆ ಆಸ್ತಿಕನಾದವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದ ಇಕ್ಕಟ್ಟಿಗೆ ಸಿಲುಕುತ್ತಾನೆ. ಅಂಥ ಇಕ್ಕಟ್ಟು ನಿಜವಾಗಿ ಇರಲೇಬೇಕೆಂದಿಲ್ಲ. 1996ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರೇ ವಿಕಾಸವು ಬರಿಯ ಊಹೆಗಿಂತ ಹೆಚ್ಚಿನದೆಂದು ಹೇಳಿದ್ದರು. 2009ರಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾದ ಫ್ರಾನ್ಸಿಸ್ ಕಾಲಿನ್ಸ್ ಬಹಿರಂಗವಾಗಿ ಕ್ರೈಸ್ತ ಶ್ರದ್ಧೆಯುಳ್ಳವರು. ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿದ ಅವರು ವಿಕಾಸವನ್ನು ಪೂರ್ಣವಾಗಿ ಒಪ್ಪಿದವರು.

ಪ್ರಶ್ನೆಯ ಕೊರತೆಯನ್ನು ಅಭ್ಯರ್ಥಿಗಳೇ ಆಮೇಲೆ ತುಂಬಿಕೊಡಬೇಕಾಯಿತು. ಬ್ರೌನ್‌ಬ್ಯಾಕ್ ಅದೇ ಮೇ 31ರಂದು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ಒಂದು ಪ್ರಭೇದದೊಳಗೆ ಕಾಲಕ್ರಮದಲ್ಲಿ ಆಗುವ ಸಣ್ಣ ಬದಲಾವಣೆಗಳನ್ನು ತಾವು ಒಪ್ಪುವುದಾಗಿಯೂ, ಆದರೆ ಮಾರ್ಗದರ್ಶಕ ಚೈತನ್ಯಕ್ಕೆ ಜಾಗವೇ ಇಲ್ಲವೆನ್ನುವ ಭೌತವಾದಿ ದರ್ಶನವನ್ನು ನಿರಾಕರಿಸುವುದಾಗಿಯೂ ವಿವರಿಸಿದರು. ಅವರ ನಿಲುವು ನನ್ನದಲ್ಲ. ಪ್ರಭೇದದೊಳಗಿನ ಬದಲಾವಣೆಗೂ ಹೊಸ ಪ್ರಭೇದದ ಹುಟ್ಟಿಗೂ ನಡುವೆ ಅವರು ಎಳೆಯುವ ಗೆರೆಯನ್ನು ಜೀವಶಾಸ್ತ್ರ ಒಪ್ಪುವುದಿಲ್ಲ. ಆದರೂ ಮೇಲೆತ್ತಿದ ಕೈಗಿಂತ ಆ ಲೇಖನ ಎಷ್ಟೋ ಪಾಲು ಮೇಲು, ಏಕೆಂದರೆ ಅದರೊಡನೆ ವಾದ ಮಾಡಬಹುದು. ಹಕಬೀ ಅವರಿಗೆ ಜೂನ್ 5ರ ನ್ಯೂ ಹ್ಯಾಂಪ್‌ಶೈರ್ ಚರ್ಚೆಯಲ್ಲಿ ಇದೇ ಪ್ರಶ್ನೆ ಮತ್ತೆ ಬಂದಾಗ, ತಾವು ಎಂಟನೇ ತರಗತಿಯ ವಿಜ್ಞಾನ ಪಠ್ಯ ಬರೆಯಲು ಹೊರಟಿಲ್ಲ, ಅಧ್ಯಕ್ಷರಾಗಲು ಅವಕಾಶ ಕೇಳುತ್ತಿದ್ದೇನೆ ಎಂದರು. ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಪಠ್ಯಕ್ರಮ ರೂಪಿಸುವವರು ರಾಜ್ಯಗಳು ಮತ್ತು ಸ್ಥಳೀಯ ಶಾಲಾ ಮಂಡಳಿಗಳೇ ಹೊರತು ಅಧ್ಯಕ್ಷರಲ್ಲ. ಹಾಗಾದರೆ ಅಧ್ಯಕ್ಷರ ಕೈಯಲ್ಲಿರುವುದೇನು ಎಂಬ ಮುಂದಿನ ಪ್ರಶ್ನೆ ಅಲ್ಲೇ ಹುಟ್ಟಬೇಕಿತ್ತು, ಹುಟ್ಟಲಿಲ್ಲ.

ಇಡೀ ಈ ಬಗೆಯ ಪ್ರಶ್ನೋತ್ತರಗಳಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ್ದು ಯಾವ ವಾಹಿನಿಯೂ ಏರ್ಪಡಿಸದ ಒಂದು ಘಟನೆ. 2011ರ ಆಗಸ್ಟ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿ ಟೆಕ್ಸಸ್ ರಾಜ್ಯಪಾಲ ರಿಕ್ ಪೆರಿ ಜನರ ಕೈ ಕುಲುಕುತ್ತಿದ್ದಾಗ ಒಬ್ಬ ಹುಡುಗ ಭೂಮಿಗೆ ಎಷ್ಟು ವಯಸ್ಸೆಂದು ಕೇಳಿದ. ಹಿಂದೆ ನಿಂತಿದ್ದ ತಾಯಿ ಮುಂದಿನ ಪ್ರಶ್ನೆಗಳನ್ನು ಹೇಳಿಕೊಡುತ್ತಿದ್ದರು. ವಿಕಾಸವೆಂಬುದು ಚಾಲ್ತಿಯಲ್ಲಿರುವ ಒಂದು ಸಿದ್ಧಾಂತ, ಅದರಲ್ಲಿ ಕೆಲವು ಬಿರುಕುಗಳಿವೆ, ಟೆಕ್ಸಸ್‌ನಲ್ಲಿ ಸೃಷ್ಟಿವಾದವನ್ನೂ ವಿಕಾಸವನ್ನೂ ಕಲಿಸುತ್ತೇವೆ ಎಂದು ಪೆರಿ ಹೇಳಿದರು. ಇಲ್ಲಿ ಹೊರಬಿದ್ದದ್ದು ಬರಿಯ ನಂಬಿಕೆಯಲ್ಲ. ಆಡಳಿತ ನಡೆಸುತ್ತಿದ್ದವರೊಬ್ಬರು ಸರ್ಕಾರಿ ಶಾಲೆಗಳ ಬಗ್ಗೆ ನೀಡಿದ ಹೇಳಿಕೆ. ಸರ್ಕಾರಿ ಶಾಲೆಗಳಲ್ಲಿ ವಿಕಾಸದ ಜೊತೆಗೆ ಸೃಷ್ಟಿವಾದವನ್ನೂ ಕಲಿಸಲೇಬೇಕೆಂದು ಲೂಸಿಯಾನಾ ಮಾಡಿದ್ದ ಕಾನೂನನ್ನು ಸುಪ್ರೀಂ ಕೋರ್ಟ್ 1987ರಲ್ಲೇ ರದ್ದು ಮಾಡಿತ್ತು. ಹಾಗಿರುವಾಗ ಪೆರಿ ಅವರ ಮಾತನ್ನು ಕಾನೂನಿನ ಪಕ್ಕದಲ್ಲಿಟ್ಟು ಪರಿಶೀಲಿಸಲು ಸಾಧ್ಯವಾಯಿತು. ಹುಡುಗನ ಪ್ರಶ್ನೆಯಿಂದ ಮತದಾರನಿಗೆ ದೊರೆತದ್ದು ಸಿಮಿ ವ್ಯಾಲಿಯ ವೇದಿಕೆಯಿಂದ ದೊರೆಯಲಿಲ್ಲ.

ಧಾರ್ಮಿಕ ಸಂವಾದಗಳನ್ನು ನಾನು ಅನುಮಾನದಿಂದಲೇ ನೋಡಲು ಕುಳಿತೆ. ಹುದ್ದೆಗೆ ಧಾರ್ಮಿಕ ಪರೀಕ್ಷೆ ಇರಕೂಡದೆಂದು ಸಂವಿಧಾನದ ಆರನೇ ವಿಧಿ ಹೇಳುವ ದೇಶದಲ್ಲಿ ಪಾದ್ರಿಯೊಬ್ಬರ ಎದುರು ಅಭ್ಯರ್ಥಿಗಳು ಕುಳಿತು ಉತ್ತರಿಸುವುದು ಸರಿಯೇ ಎಂಬ ಹಿಂಜರಿಕೆ ನನಗಿತ್ತು. ನೋಡಿದ ಮೇಲೆ ಅಭಿಪ್ರಾಯ ಬದಲಾಯಿಸಿಕೊಂಡೆ. 2008ರ ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾದ ಮೆಸ್ಸಾಯ ಕಾಲೇಜಿನಲ್ಲಿ ಬರಾಕ್ ಒಬಾಮಾ ಅವರನ್ನು, ದೇವರು ನಿಜಕ್ಕೂ ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿದನೇ ಎಂದು ನಿಮ್ಮ ಮಗಳು ಕೇಳಿದರೆ ಏನು ಹೇಳುತ್ತೀರಿ ಎಂದು ಕೇಳಲಾಯಿತು. ದೇವರು ವಿಶ್ವವನ್ನು ಸೃಷ್ಟಿಸಿದನೆಂದು ತಾವು ನಂಬುವುದಾಗಿ, ಬೈಬಲ್ಲಿನ ಆರು ದಿನಗಳು ನಾವು ಎಣಿಸುವ ದಿನಗಳಾಗಿರಲಿಕ್ಕಿಲ್ಲವೆಂದು, ವಿಕಾಸಕ್ಕೂ ಕ್ರೈಸ್ತ ಶ್ರದ್ಧೆಗೂ ವಿರೋಧ ಕಾಣುವುದಿಲ್ಲವೆಂದು ಅವರು ಹೇಳಿದರು. ಮಗಳ ಪ್ರಶ್ನೆಗಳ ಎದುರು ತಡವರಿಸಿದ ನನಗೆ ಆ ಉತ್ತರಕ್ಕಿಂತ ಪ್ರಶ್ನೆಯನ್ನು ಕೇಳಿದ ಬಗೆ ಹೆಚ್ಚು ಹಿಡಿಸಿತು. ಕೈ ಎತ್ತಿಸುವ ಬದಲು ಮಗುವಿಗೆ ಹೇಗೆ ವಿವರಿಸುತ್ತೀರಿ ಎಂದು ಕೇಳಿದರೆ ಮನುಷ್ಯ ತನ್ನ ಯೋಚನೆಯ ದಾರಿಯನ್ನೇ ತೋರಿಸಬೇಕಾಗುತ್ತದೆ.

ಅದೇ ವರ್ಷದ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನಲ್ಲಿ ಪಾದ್ರಿ ರಿಕ್ ವಾರನ್ ಮೊದಲು ಒಬಾಮಾ ಅವರನ್ನು, ಬಳಿಕ ಮೆಕೇನ್ ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಬಹುಪಾಲು ಅದೇ ಪ್ರಶ್ನೆಗಳನ್ನು ಕೇಳಿದರು. ವಿಕಾಸದ ಮಾತೇ ಅಲ್ಲಿ ಬರಲಿಲ್ಲ. ಆದರೆ ಈಗಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಲ್ಲಿ ಯಾರನ್ನು ನೀವಾಗಿದ್ದರೆ ನೇಮಿಸುತ್ತಿರಲಿಲ್ಲ ಎಂದು ವಾರನ್ ಕೇಳಿದ್ದು ನನ್ನ ದೃಷ್ಟಿಯಲ್ಲಿ ಈ ವಿಷಯಕ್ಕೇ ಸಂಬಂಧಪಟ್ಟ ಅತ್ಯುತ್ತಮ ಪ್ರಶ್ನೆ. ಒಬಾಮಾ ಹೇಳಿದ ಹೆಸರುಗಳಲ್ಲಿ ಸ್ಕಲಿಯಾ ಅವರದ್ದಿತ್ತು. ಮೆಕೇನ್ ಹೇಳಿದವುಗಳಲ್ಲಿ ಸ್ಟೀವನ್ಸ್ ಅವರದ್ದು. 1987ರ ಆ ತೀರ್ಪು ಏಳಕ್ಕೆ ಎರಡು ಮತಗಳಿಂದ ಬಂದದ್ದು. ಸ್ಟೀವನ್ಸ್ ಬಹುಮತದಲ್ಲಿದ್ದರು, ಸ್ಕಲಿಯಾ ಭಿನ್ನಮತ ಬರೆದರು. ಅಭ್ಯರ್ಥಿಗಳಿಬ್ಬರೂ ಆ ಪ್ರಕರಣವನ್ನು ನೆನೆದು ಉತ್ತರಿಸಿದರೆಂದು ನಾನು ಹೇಳುತ್ತಿಲ್ಲ. ಇಬ್ಬರೂ ವಿಕಾಸವನ್ನು ಒಪ್ಪಿದವರೇ. ಆದರೂ ತರಗತಿಯ ಬಾಗಿಲಲ್ಲಿ ಕೊನೆಗೆ ಕಾವಲು ನಿಲ್ಲುವವರು ಯಾರಾಗಬೇಕೆಂಬ ವಿಷಯದಲ್ಲಿ ಅವರ ದಾರಿಗಳು ಎಲ್ಲಿ ಬೇರೆಯಾಗುತ್ತವೆಂದು ಆ ಉತ್ತರಗಳಿಂದ ಕಾಣುತ್ತದೆ.

ಇನ್ನು ಸೈನ್ಸ್ ಡಿಬೇಟ್. ಚಿತ್ರಕಥೆಗಾರ ಮ್ಯಾಥ್ಯೂ ಚಾಪ್‌ಮನ್, ಶಾನ್ ಆಟೊ ಮೊದಲಾದವರು 2007ರ ಕೊನೆಯಲ್ಲಿ ಕಟ್ಟಿದ ಪ್ರಯತ್ನ ಇದು. ಚಾಪ್‌ಮನ್ ಚಾರ್ಲ್ಸ್ ಡಾರ್ವಿನ್‌ನ ಮರಿಮೊಮ್ಮಗಳ ಮಗ. ಮೆಸ್ಸಾಯ ಕಾಲೇಜಿನ ಸಂವಾದ ನಡೆದ ಅದೇ ತಿಂಗಳು, ಅದೇ ರಾಜ್ಯದ ಫಿಲಡೆಲ್ಫಿಯಾದಲ್ಲಿ ವಿಜ್ಞಾನದ ಕುರಿತ ನೇರ ಚರ್ಚೆಗೆ ಅಭ್ಯರ್ಥಿಗಳನ್ನು ಕರೆದಿದ್ದರು. ಶ್ರದ್ಧೆಯ ಸಂವಾದಕ್ಕೆ ಒಬಾಮಾ, ಹಿಲರಿ ಕ್ಲಿಂಟನ್ ಇಬ್ಬರೂ ಬಂದರು. ವಿಜ್ಞಾನದ ಚರ್ಚೆ ನಡೆಯಲೇ ಇಲ್ಲ. ಇದು ನನಗೆ ಇಂದಿಗೂ ನೋವಿನ ಸಂಗತಿ. ಆಮೇಲೆ ಒಬಾಮಾ ಮತ್ತು ಮೆಕೇನ್ 14 ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಕೊಟ್ಟರು. 2012ರಲ್ಲಿ ಒಬಾಮಾ ಮತ್ತು ಮಿಟ್ ರಾಮ್ನಿ 14 ಪ್ರಶ್ನೆಗಳಿಗೆ, 2016ರಲ್ಲಿ ಕ್ಲಿಂಟನ್, ಡೊನಾಲ್ಡ್ ಟ್ರಂಪ್ ಮೊದಲಾದವರು 20 ಪ್ರಶ್ನೆಗಳಿಗೆ ಉತ್ತರಿಸಿದರು. ಹವಾಮಾನ, ಸಾಂಕ್ರಾಮಿಕ ರೋಗ, ಸಾಗರ, ಸಿಹಿನೀರು, ಬಾಹ್ಯಾಕಾಶ ಎಲ್ಲವೂ ಅಲ್ಲಿವೆ. ಉತ್ತರಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಅನುಕೂಲವಿದೆ. ಸಹಾಯಕರ ಕೈಚಳಕ ಪ್ರತಿ ಸಾಲಿನಲ್ಲೂ ಗೋಚರಿಸುತ್ತದೆ, ಮಾತು ಒಣಗಿರುತ್ತದೆ. ಅದನ್ನು ನಾನು ದೊಡ್ಡ ಕುಂದೆಂದು ಎಣಿಸುವುದಿಲ್ಲ, ಏಕೆಂದರೆ ಬರೆದದ್ದಕ್ಕೆ ಅಭ್ಯರ್ಥಿ ಬದ್ಧ. ನನ್ನ ತಕರಾರು ಬೇರೆಯದು. ಮೂರು ಚುನಾವಣೆಗಳ ಆ 48 ಪ್ರಶ್ನೆಗಳಲ್ಲಿ ಒಂದೂ ಶಾಲೆಯಲ್ಲಿ ವಿಕಾಸದ ಬೋಧನೆಯನ್ನು ನೇರವಾಗಿ ಕೇಳುವುದಿಲ್ಲ. ಶಿಕ್ಷಣದ ಪ್ರಶ್ನೆ ಇದೆ; ಅದು ವಿಜ್ಞಾನ ಮತ್ತು ಗಣಿತದಲ್ಲಿ ಅಮೆರಿಕದ ಮಕ್ಕಳು ಹಿಂದುಳಿಯುವ ಚಿಂತೆಯ ಸುತ್ತ ತಿರುಗುತ್ತದೆ. ದೂರದರ್ಶನ ಈ ವಿಷಯವನ್ನು ನಂಬಿಕೆಯ ಪರೀಕ್ಷೆಯಾಗಿಸಿದರೆ, ಅದನ್ನು ಸರಿಯಾಗಿ ಕೇಳಬಲ್ಲ ಒಂದೇ ವೇದಿಕೆ ಬಾಯಿ ಬಿಡಲಿಲ್ಲ.

ಕೇಳಬೇಕಾದ್ದು ಬಹಳವಿದೆ. 2011ರ ಆರಂಭದಲ್ಲಿ ಪೆನ್ಸಿಲ್ವೇನಿಯಾದ ಇಬ್ಬರು ರಾಜ್ಯಶಾಸ್ತ್ರಜ್ಞರು ಪ್ರಕಟಿಸಿದ, 926 ಪ್ರೌಢಶಾಲಾ ಜೀವಶಾಸ್ತ್ರ ಶಿಕ್ಷಕರ ಸಮೀಕ್ಷೆಯಲ್ಲಿ, ವಿಕಾಸವನ್ನು ತಪ್ಪದೆ ಸರಿಯಾಗಿ ಕಲಿಸುವವರು ಸುಮಾರು ಶೇಕಡ 28, ಸೃಷ್ಟಿವಾದದ ಪರ ನಿಲ್ಲುವವರು ಶೇಕಡ 13. ಉಳಿದ ಸುಮಾರು ಶೇಕಡ 60 ಮಂದಿ ಯಾರ ಗೊಡವೆಯೂ ಬೇಡವೆಂದು ಜಾರಿಕೊಳ್ಳುವವರು. ನನ್ನ ಮಗಳ ಶಿಕ್ಷಕರು ಆ ಬಹುಸಂಖ್ಯಾತರಲ್ಲಿ ಒಬ್ಬರೆಂದು ಈಗ ತಿಳಿಯುತ್ತದೆ. ಅವರ ಮೇಲಿದ್ದ ಸಿಟ್ಟು ಇಳಿದಿದೆ. ಪೋಷಕರ ದೂರು ಬಂದರೆ ಬೆನ್ನಿಗೆ ಯಾರಿದ್ದಾರೆಂದು ಗೊತ್ತಿಲ್ಲದ ಶಿಕ್ಷಕ ಮೌನವನ್ನು ಆರಿಸಿಕೊಳ್ಳುವುದು ಸಹಜ. ಆದ್ದರಿಂದ ಅಭ್ಯರ್ಥಿಗೆ ಕೇಳಬೇಕಾದ್ದು, ಅಂಥ ಶಿಕ್ಷಕನ ಬೆನ್ನಿಗೆ ನಿಲ್ಲುತ್ತೀರಾ, ನಿಮ್ಮ ಶಿಕ್ಷಣ ಕಾರ್ಯದರ್ಶಿ ಏನು ಹೇಳುತ್ತಾರೆ, ಎಂಥ ನ್ಯಾಯಾಧೀಶರನ್ನು ನೇಮಿಸುತ್ತೀರಿ ಎಂದು.

ನೇಮಕದ ಬೆಲೆ ಎಷ್ಟೆಂಬುದಕ್ಕೆ 2005ರ ಪೆನ್ಸಿಲ್ವೇನಿಯಾದ ಡೋವರ್ ಪ್ರಕರಣವೇ ಸಾಕು. ಜೀವಿಗಳ ರಚನೆಯ ಹಿಂದೆ ಬುದ್ಧಿಶಕ್ತಿಯೊಂದರ ಯೋಜನೆಯಿದೆ ಎನ್ನುವ ‘ಇಂಟೆಲಿಜೆಂಟ್ ಡಿಸೈನ್’ ವಾದವನ್ನು ಅಲ್ಲಿನ ಶಾಲಾ ಮಂಡಳಿ ಜೀವಶಾಸ್ತ್ರದ ತರಗತಿಗೆ ತಂದದ್ದೇ ಮೊಕದ್ದಮೆಗೆ ಕಾರಣ. ಆ ಆಗಸ್ಟ್‌ನಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ವಿಕಾಸವನ್ನೂ ಈ ವಾದವನ್ನೂ ಎರಡನ್ನೂ ಕಲಿಸಬೇಕೆಂಬ ಅರ್ಥದ ಮಾತಾಡಿದ್ದರು. ಡಿಸೆಂಬರ್ 20ರಂದು ಅವರೇ ನೇಮಿಸಿದ್ದ ನ್ಯಾಯಾಧೀಶ ಜಾನ್ ಜೋನ್ಸ್, ‘ಇಂಟೆಲಿಜೆಂಟ್ ಡಿಸೈನ್’ ವಿಜ್ಞಾನವಲ್ಲವೆಂದು, ಅದನ್ನು ಸರ್ಕಾರಿ ಶಾಲೆಯ ವಿಜ್ಞಾನ ತರಗತಿಗೆ ತರುವಂತಿಲ್ಲವೆಂದು 139 ಪುಟಗಳ ತೀರ್ಪು ಕೊಟ್ಟರು. ಅಧ್ಯಕ್ಷರ ಮಾತನ್ನಷ್ಟೇ ಕೇಳಿದ ಮತದಾರ ಇದನ್ನು ಊಹಿಸಲು ಸಾಧ್ಯವಿರಲಿಲ್ಲ.

ಹಾಗಾಗಿ ಈ ಸೇವೆಗಳನ್ನು ಬಳಸುವವರಿಗೆ ನನ್ನ ಸಲಹೆ: ಕೈ ಎತ್ತುವ ದೃಶ್ಯಗಳಿಗೆ ಹೊತ್ತು ಕೊಡಬೇಡಿ. ಸೈನ್ಸ್ ಡಿಬೇಟ್‌ನ ಲಿಖಿತ ಉತ್ತರಗಳಲ್ಲಿ ಶಿಕ್ಷಣ ಮತ್ತು ಸಂಶೋಧನೆಯ ಭಾಗಗಳನ್ನು ಮೊದಲು ಓದಿ. ನಂತರ ಮೆಸ್ಸಾಯ ಮತ್ತು ಸ್ಯಾಡಲ್‌ಬ್ಯಾಕ್ ಸಂವಾದಗಳ ಪೂರ್ಣ ಪಠ್ಯವನ್ನು ನೋಡಿ, ಮುಖ್ಯವಾಗಿ ನ್ಯಾಯಮೂರ್ತಿಗಳ ಪ್ರಶ್ನೆಯನ್ನು. ಅಷ್ಟಾದ ಮೇಲೆ ನಿಮ್ಮ ಶಾಲಾ ಮಂಡಳಿಯ ಚುನಾವಣೆ ಯಾವಾಗಲೆಂದು ವಿಚಾರಿಸಿ. ಡೋವರ್‌ನ ತೀರ್ಪು ಬರುವ ಆರು ವಾರ ಮೊದಲೇ, 2005ರ ನವೆಂಬರ್‌ನಲ್ಲಿ, ಆ ಊರಿನ ಮತದಾರರು ಮರುಆಯ್ಕೆ ಬಯಸಿ ನಿಂತಿದ್ದ ಮಂಡಳಿಯ ಎಂಟೂ ಸದಸ್ಯರನ್ನು ಸೋಲಿಸಿ ಮನೆಗೆ ಕಳಿಸಿದ್ದರು.